ರೋಬೋಟ್‌ಗೆ ಮಾತೂ ತಿಳಿಯಲಿ, ಜಾಗವೂ ತಿಳಿಯಲಿ: ಭಾಷಾ ಮಾದರಿ ಮತ್ತು ಮೂರು ಆಯಾಮದ ನೋಟವನ್ನು ಜೋಡಿಸುವ ಬಗೆ, ಹಂತ ಹಂತವಾಗಿ

“ಲೋಟದ ಎಡಗಡೆ ಇರೋ ಹಳದಿ ಡಬ್ಬ ಕೊಡು.”

ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವಂಥ ಮಾತು ಇದು. ಇದನ್ನೇ ಒಂದು ರೋಬೋಟ್ ತೋಳಿಗೆ ಹೇಳಿದರೆ ಅದು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಇವರು ಕೇಳುತ್ತಿರುವುದು ಯಾವ ವಸ್ತುವನ್ನು? ಆ ವಸ್ತು ನನ್ನಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ, ಯಾವ ಕಡೆಗಿದೆ? ಮೊದಲನೆಯದು ಭಾಷೆಯ ಪ್ರಶ್ನೆ, ಎರಡನೆಯದು ರೇಖಾಗಣಿತದ ಪ್ರಶ್ನೆ. ಎರಡಕ್ಕೂ ಒಟ್ಟಿಗೆ ಉತ್ತರ ಸಿಗದಿದ್ದರೆ ತೋಳು ಗಾಳಿಯನ್ನು ಹಿಡಿಯುತ್ತದೆ, ಇಲ್ಲವೇ ಲೋಟವನ್ನು ಉರುಳಿಸುತ್ತದೆ.

ಇದು ಹಳೆಯ ಕನಸು. 1970ರ ಸುಮಾರಿಗೇ ಅಮೆರಿಕದ ಎಂಐಟಿಯಲ್ಲಿ ಟೆರ್ರಿ ವಿನೊಗ್ರಾಡ್ ಅವರು ‘ಶ್ರದ್ಲು’ ಎಂಬ ಪ್ರೋಗ್ರಾಂ ಬರೆದಿದ್ದರು. ಬಣ್ಣದ ಘನಗಳನ್ನು ಎತ್ತಿಡುವಂತೆ ಇಂಗ್ಲಿಷಿನಲ್ಲಿ ಹೇಳಿದರೆ ಅದಕ್ಕೆ ಅರ್ಥವಾಗುತ್ತಿತ್ತು. ಆದರೆ ಆ ಘನಗಳು ಇದ್ದದ್ದು ಕಂಪ್ಯೂಟರಿನ ಒಳಗಷ್ಟೇ; ಯಾವುದು ಎಲ್ಲಿದೆ ಎಂಬುದು ಪ್ರೋಗ್ರಾಮಿಗೆ ಮೊದಲೇ ಗೊತ್ತಿತ್ತು. ನಿಜವಾದ ಮೇಜಿನ ಮೇಲೆ ಆ ಅನುಕೂಲವಿಲ್ಲ. ಈಗ ಕಾಲ ಬದಲಾಗಿದೆ. ಆಳವನ್ನು ಅಳೆಯುವ ಕ್ಯಾಮೆರಾಗಳು ಕಾಲೇಜು ಲ್ಯಾಬುಗಳಿಗೆ ಬಂದಿವೆ. ಹೆಸರು ಹೇಳಿದರೆ ಚಿತ್ರದಲ್ಲಿ ವಸ್ತು ಹುಡುಕಿಕೊಡುವ ಮಾದರಿಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಿಗುತ್ತವೆ.

ಇವುಗಳನ್ನು ಜೋಡಿಸಿ, ಮೇಜಿನ ಮೇಲಿನ ವಸ್ತುವನ್ನು ಮಾತಿನಿಂದ ಗುರುತಿಸಿ ಅದರ ನಿಜವಾದ ಸ್ಥಾನವನ್ನು ಹೇಳುವ ಒಂದು ಸಣ್ಣ ವ್ಯವಸ್ಥೆಯನ್ನು ಮೊದಲ ಸಲ ಕಟ್ಟುವವರಿಗಾಗಿ ಈ ಬರಹ. ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆಯಲು ಬಂದರೆ, ಪಿಯುಸಿಯ ಗಣಿತ ನೆನಪಿದ್ದರೆ ಸಾಕು. ಇಡೀ ಕೆಲಸಕ್ಕೆ ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ: ಭಾಷಾ ಮಾದರಿಯನ್ನು ಹೆಸರು ಕೇಳಿ, ಅಳತೆ ಕೇಳಬೇಡಿ. ಮುಂದಿನ ಪ್ರತಿ ಹಂತವೂ ಈ ನಿಯಮದ ಮೇಲೆಯೇ ನಿಂತಿದೆ.

## ಬೇಕಾಗುವ ಸಾಮಗ್ರಿ

- ಒಂದು ಡೆಪ್ತ್ ಕ್ಯಾಮೆರಾ. ರಿಯಲ್‌ಸೆನ್ಸ್ ಡಿ435 ಥರದ್ದು ಸಾಕು. ಇದು ಬಣ್ಣದ ಚಿತ್ರದ ಜೊತೆಗೆ, ಪ್ರತಿ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಎಂಬ ಇನ್ನೊಂದು ಚಿತ್ರವನ್ನೂ ಕೊಡುತ್ತದೆ.
- ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್. ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ, ನಿಧಾನವಾಗುತ್ತದೆ ಅಷ್ಟೆ.
- ತಂತ್ರಾಂಶ: ಪೈಥಾನ್, ಓಪನ್‌ಸಿವಿ, ಓಪನ್‌ಥ್ರೀಡಿ, ಪೈಟಾರ್ಚ್.
- ಒಂದು ಅಡಿ ಸ್ಕೇಲ್. ಇದನ್ನು ಮರೆಯಬೇಡಿ, ಎರಡನೇ ಹಂತದಲ್ಲೇ ಇದರ ಕೆಲಸವಿದೆ.

ಕ್ಯಾಮೆರಾ ಕೊಳ್ಳಲು ಹಣವಿಲ್ಲದಿದ್ದರೆ ನಿಲ್ಲಬೇಡಿ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2012ರಲ್ಲಿ ಬಿಡುಗಡೆ ಮಾಡಿದ ಟಿಯುಎಂ ಆರ್‌ಜಿಬಿ-ಡಿ ದತ್ತಸಂಗ್ರಹ ಉಚಿತವಾಗಿ ಸಿಗುತ್ತದೆ. ಕಿನೆಕ್ಟ್ ಕ್ಯಾಮೆರಾದಲ್ಲಿ ತೆಗೆದ, 640×480 ಅಳತೆಯ ಬಣ್ಣ ಮತ್ತು ಆಳದ ಚಿತ್ರಗಳು ಅದರಲ್ಲಿವೆ. ಆಫೀಸು ಮೇಜಿನ ದೃಶ್ಯಗಳೂ ಇವೆ. ಏಳನೇ ಹಂತದವರೆಗಿನ ಕೆಲಸವನ್ನು ಅದರ ಮೇಲೆಯೇ ಮಾಡಿ ಕಲಿಯಬಹುದು.

## ಹಂತ 1: ಬಣ್ಣವನ್ನೂ ಆಳವನ್ನೂ ಹೊಂದಿಸಿ

ಡೆಪ್ತ್ ಕ್ಯಾಮೆರಾದ ಒಳಗೆ ಒಂದಕ್ಕಿಂತ ಹೆಚ್ಚು ಕಣ್ಣುಗಳಿವೆ. ಡಿ435ರಲ್ಲಿ 5 ಸೆಂಟಿಮೀಟರ್ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಕ್ಯಾಮೆರಾಗಳಿರುತ್ತವೆ, ಬಣ್ಣದ ಕ್ಯಾಮೆರಾ ಬೇರೆಯೇ. ಒಂದೇ ಬಿಂದು ಎರಡು ಇನ್‌ಫ್ರಾರೆಡ್ ಚಿತ್ರಗಳಲ್ಲಿ ಎಷ್ಟು ಪಕ್ಕಕ್ಕೆ ಸರಿದಿದೆ ಎಂದು ನೋಡಿ ದೂರವನ್ನು ಲೆಕ್ಕ ಹಾಕುತ್ತಾರೆ. ಹೆಚ್ಚು ಸರಿದಿದ್ದರೆ ವಸ್ತು ಹತ್ತಿರ, ಕಡಿಮೆ ಸರಿದಿದ್ದರೆ ದೂರ.

ಬಣ್ಣದ ಕ್ಯಾಮೆರಾ ಬೇರೆ ಜಾಗದಲ್ಲಿರುವುದರಿಂದ ಬಣ್ಣದ ಚಿತ್ರದ ಒಂದು ಪಿಕ್ಸೆಲ್ಲೂ ಆಳದ ಚಿತ್ರದ ಅದೇ ಪಿಕ್ಸೆಲ್ಲೂ ಒಂದೇ ಬಿಂದುವನ್ನು ತೋರಿಸುವುದಿಲ್ಲ. ಕ್ಯಾಮೆರಾದ ಜೊತೆ ಬರುವ ತಂತ್ರಾಂಶದಲ್ಲಿ ಇವೆರಡನ್ನೂ ಹೊಂದಿಸುವ ಸೌಲಭ್ಯವಿದೆ. ಆಳದ ಚಿತ್ರವನ್ನು ಬಣ್ಣದ ಚಿತ್ರಕ್ಕೆ ಹೊಂದಿಸಿಕೊಳ್ಳಿ. ಇದನ್ನು ಬಿಟ್ಟರೆ ಮುಂದೆ ಲೋಟದ ಅಂಚಿನ ಪಿಕ್ಸೆಲ್‌ಗಳು ಹಿಂದಿನ ಗೋಡೆಯ ದೂರವನ್ನು ಹೊತ್ತುಕೊಂಡು ಬರುತ್ತವೆ.

ಜೊತೆಗೆ ಮೂರು ಸಂಗತಿ ನೆನಪಿರಲಿ:

- ಆಳದ ಚಿತ್ರದಲ್ಲಿ ಸೊನ್ನೆ ಎಂದರೆ ‘ದೂರ ಸೊನ್ನೆ’ ಎಂದಲ್ಲ, ‘ಅಳೆಯಲು ಆಗಲಿಲ್ಲ’ ಎಂದು. ಆ ಪಿಕ್ಸೆಲ್‌ಗಳನ್ನು ಲೆಕ್ಕದಿಂದ ತೆಗೆದುಬಿಡಿ.
- ದೂರ ಎರಡು ಪಟ್ಟಾದರೆ ಅಳತೆಯ ತಪ್ಪು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಮೇಜಿನಿಂದ ಮುಕ್ಕಾಲು ಮೀಟರ್ ಆಸುಪಾಸಿನಲ್ಲಿ ಇಡಿ.
- ತೀರಾ ಹತ್ತಿರವೂ ಬೇಡ. ಪೂರ್ಣ ರೆಸೊಲ್ಯೂಶನ್‌ನಲ್ಲಿ ಡಿ435ಕ್ಕೆ ಸುಮಾರು 28 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತುವಿನ ಆಳ ಸಿಗುವುದಿಲ್ಲ.

## ಹಂತ 2: ಪಿಕ್ಸೆಲ್‌ನಿಂದ ಸೆಂಟಿಮೀಟರ್‌ಗೆ

ಈಗ ಪ್ರತಿ ಪಿಕ್ಸೆಲ್ಲನ್ನೂ ಮೂರು ಆಯಾಮದ ಬಿಂದುವಾಗಿಸಬೇಕು. ಸೂತ್ರ ಸರಳ:

ಅಡ್ಡ ದೂರ = (ಪಿಕ್ಸೆಲ್‌ನ ಅಡ್ಡ ಸ್ಥಾನ − ಚಿತ್ರಕೇಂದ್ರದ ಅಡ್ಡ ಸ್ಥಾನ) × ಆಳ ÷ ಫೋಕಲ್ ಲೆಂತ್

ಮೇಲೆ-ಕೆಳಗಿನ ದೂರಕ್ಕೂ ಇದೇ ಸೂತ್ರ. ಅಡ್ಡ ಸ್ಥಾನದ ಬದಲು ಮೇಲೆ-ಕೆಳಗಿನ ಸ್ಥಾನ ಹಾಕಿಕೊಳ್ಳಿ. ಇಲ್ಲಿ ಫೋಕಲ್ ಲೆಂತ್ ಪಿಕ್ಸೆಲ್ ಲೆಕ್ಕದಲ್ಲಿರುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ಟಿಯುಎಂ ಸಂಗ್ರಹದವರು ಸಾಮಾನ್ಯ ಬಳಕೆಗೆ ಸೂಚಿಸುವ ಫೋಕಲ್ ಲೆಂತ್ 525, ಚಿತ್ರಕೇಂದ್ರ 319.5 ಮತ್ತು 239.5. ಎಡದಿಂದ 400ನೇ, ಮೇಲಿನಿಂದ 300ನೇ ಪಿಕ್ಸೆಲ್ ತೆಗೆದುಕೊಳ್ಳಿ. ಅದರ ಆಳ 0.8 ಮೀಟರ್ ಎಂದಿರಲಿ. ಆಗ ಅಡ್ಡ ದೂರ (400 − 319.5) × 0.8 ÷ 525, ಅಂದರೆ 0.123 ಮೀಟರ್. ಮೇಲೆ-ಕೆಳಗಿನ ದೂರ (300 − 239.5) × 0.8 ÷ 525, ಅಂದರೆ 0.092 ಮೀಟರ್. ಕ್ಯಾಮೆರಾ ನೋಡುತ್ತಿರುವ ದಿಕ್ಕಿನ ನಡುಗೆರೆಯಿಂದ ಆ ಬಿಂದು 12.3 ಸೆಂಟಿಮೀಟರ್ ಬಲಕ್ಕೆ, 9.2 ಸೆಂಟಿಮೀಟರ್ ಕೆಳಕ್ಕೆ, 80 ಸೆಂಟಿಮೀಟರ್ ಮುಂದಕ್ಕಿದೆ. ಎಲ್ಲ ಪಿಕ್ಸೆಲ್‌ಗೂ ಹೀಗೇ ಮಾಡಿದರೆ ಸಿಗುವ ಬಿಂದುಗಳ ರಾಶಿಯೇ ‘ಪಾಯಿಂಟ್ ಕ್ಲೌಡ್’. ಓಪನ್‌ಥ್ರೀಡಿ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಮಾಡಿಕೊಡುತ್ತದೆ. ಆದರೂ ಒಂದು ಪಿಕ್ಸೆಲ್ಲನ್ನಾದರೂ ಕಾಗದದ ಮೇಲೆ ಲೆಕ್ಕ ಹಾಕಿ. ಮುಂದೆ ಎಲ್ಲಿ ತಪ್ಪಾದರೂ ಹುಡುಕುವ ಧೈರ್ಯ ಬರುವುದು ಆ ಲೆಕ್ಕದಿಂದಲೇ.

ಈಗ ಅಡಿ ಸ್ಕೇಲನ್ನು ಮೇಜಿನ ಮೇಲಿಟ್ಟು ಚಿತ್ರ ತೆಗೆಯಿರಿ. ಅದರ ಎರಡೂ ತುದಿಯ ಪಿಕ್ಸೆಲ್‌ಗಳನ್ನು ಗುರುತಿಸಿ, ಅವುಗಳ ನಡುವಿನ ದೂರವನ್ನು ಲೆಕ್ಕ ಮಾಡಿ. 30 ಸೆಂಟಿಮೀಟರ್ ಆಸುಪಾಸು ಬಂದರೆ ಮುಂದುವರಿಯಿರಿ. ತೀರಾ ಬೇರೆ ಬಂದರೆ ಮೊದಲು ಆಳದ ಮಾನವನ್ನು ಪರೀಕ್ಷಿಸಿ. ರಿಯಲ್‌ಸೆನ್ಸ್ ತಾನಾಗಿ ಕೊಡುವ ಆಳದಲ್ಲಿ 1000 ಎಂದರೆ ಒಂದು ಮೀಟರ್. ಟಿಯುಎಂ ಚಿತ್ರಗಳಲ್ಲಿ 5000 ಎಂದರೆ ಒಂದು ಮೀಟರ್. ಟಿಯುಎಂ ಚಿತ್ರವನ್ನು 1000ದಿಂದ ಭಾಗಿಸಿದರೆ ಪ್ರತಿ ಅಳತೆಯೂ ಐದು ಪಟ್ಟಾಗುತ್ತದೆ, 30 ಸೆಂಟಿಮೀಟರ್ ವಸ್ತು ಒಂದೂವರೆ ಮೀಟರ್ ಆಗಿ ಕಾಣುತ್ತದೆ. ಹೊಸಬರಿಗೆ ಅತಿ ಹೆಚ್ಚು ಕಾಡುವ ತಪ್ಪು ಇದೇ.

## ಹಂತ 3: ಮೇಜನ್ನು ಕಂಡುಹಿಡಿಯಿರಿ

ಕ್ಯಾಮೆರಾ ಓರೆಯಾಗಿ ನೋಡುತ್ತಿರುವುದರಿಂದ ಅದರ ‘ಮೇಲೆ’ ಬೇರೆ, ಮೇಜಿನ ‘ಮೇಲೆ’ ಬೇರೆ. ನಿಜವಾದ ಮೇಲ್ದಿಕ್ಕು ಯಾವುದು ಎಂದು ತಿಳಿಯಲು ಮೇಜಿನ ಸಮತಲವನ್ನು ಹುಡುಕಬೇಕು. ಇದಕ್ಕೆ ‘ರ‍್ಯಾನ್‌ಸ್ಯಾಕ್’ ಎಂಬ ವಿಧಾನವಿದೆ; 1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಕೊಟ್ಟದ್ದು. ಮೂರು ಬಿಂದುಗಳನ್ನು ಮನಬಂದಂತೆ ಆರಿಸಿ ಅವುಗಳ ಮೂಲಕ ಒಂದು ಸಮತಲ ಎಳೆಯುತ್ತಾರೆ, ಉಳಿದ ಬಿಂದುಗಳಲ್ಲಿ ಎಷ್ಟು ಅದಕ್ಕೆ ಅಂಟಿಕೊಂಡಿವೆ ಎಂದು ಎಣಿಸುತ್ತಾರೆ. ಇದನ್ನು ಸಾವಿರ ಸಲ ಮಾಡಿ, ಹೆಚ್ಚು ಬಿಂದುಗಳ ಬೆಂಬಲ ಪಡೆದ ಸಮತಲವನ್ನು ಉಳಿಸಿಕೊಳ್ಳುತ್ತಾರೆ. ಓಪನ್‌ಥ್ರೀಡಿಯಲ್ಲಿ ಇದು ಒಂದು ಸಾಲಿನ ಕೆಲಸ.

ಸಮತಲಕ್ಕೆ ಲಂಬವಾದ ದಿಕ್ಕೇ ನಿಮ್ಮ ‘ಮೇಲೆ’. ಮೇಜಿನ ಮೇಲೆ ಒಂದು ಮೂಲಬಿಂದು ಇಟ್ಟುಕೊಂಡು ಎಲ್ಲ ಬಿಂದುಗಳನ್ನೂ ಹೊಸ ಅಕ್ಷಗಳಿಗೆ ತಿರುಗಿಸಿ: ಬಲಕ್ಕೆ ಎಷ್ಟು, ಆಚೆಗೆ ಎಷ್ಟು, ಮೇಜಿನಿಂದ ಮೇಲಕ್ಕೆ ಎಷ್ಟು.

ಇಲ್ಲಿ ಒಂದು ಎಚ್ಚರಿಕೆ. ‘ಅಂಟಿಕೊಂಡಿದೆ’ ಎನ್ನಲು ಒಂದು ಸೆಂಟಿಮೀಟರ್ ಮಿತಿ ಇಟ್ಟು, ಆ ಬಿಂದುಗಳನ್ನೆಲ್ಲ ಮೇಜೆಂದು ಅಳಿಸಿಬಿಟ್ಟರೆ ಕತ್ತರಿ, ಚಮಚ, ಬೀಗದ ಕೈಗಳೂ ಮೇಜಿನ ಜೊತೆಗೇ ಮಾಯವಾಗುತ್ತವೆ. ತೆಳು ವಸ್ತುಗಳು ನಿಮಗೆ ಬೇಕಿದ್ದರೆ ಈ ಸಮತಲವನ್ನು ದಿಕ್ಕು ಮತ್ತು ಎತ್ತರ ತಿಳಿಯಲಷ್ಟೇ ಬಳಸಿ. ವಸ್ತುಗಳನ್ನು ಬೇರ್ಪಡಿಸುವ ಕೆಲಸವನ್ನು ಮುಂದಿನ ಹಂತಕ್ಕೆ ಬಿಡಿ.

## ಹಂತ 4: ಹೆಸರಿನಿಂದ ವಸ್ತುವನ್ನು ಹುಡುಕಿ

ಚಿತ್ರದಲ್ಲಿ ವಸ್ತು ಹುಡುಕುವ ಹಳೆಯ ಮಾದರಿಗಳಿಗೆ, ಅಂದರೆ ಡಿಟೆಕ್ಟರ್‌ಗಳಿಗೆ, ಗೊತ್ತಿದ್ದದ್ದು ಮೊದಲೇ ಕಲಿಸಿದ ಹೆಸರುಗಳ ಪಟ್ಟಿ ಮಾತ್ರ. 2021ರಲ್ಲಿ ಓಪನ್‌ಎಐ ಪ್ರಕಟಿಸಿದ ‘ಕ್ಲಿಪ್’ ಮಾದರಿ ಈ ಗೋಡೆ ಒಡೆಯಿತು. ಅಂತರಜಾಲದಿಂದ ಕಲೆಹಾಕಿದ 40 ಕೋಟಿ ಚಿತ್ರ-ಬರಹದ ಜೋಡಿಗಳ ಮೇಲೆ ತರಬೇತಾದ ಅದು ಚಿತ್ರವನ್ನೂ ಪದವನ್ನೂ ಒಂದೇ ಬಗೆಯ ಸಂಖ್ಯೆಗಳ ಸಾಲಾಗಿಸುತ್ತದೆ. ಎರಡು ಸಾಲುಗಳು ಹತ್ತಿರವಿದ್ದರೆ ಚಿತ್ರಕ್ಕೂ ಪದಕ್ಕೂ ಹೊಂದಿಕೆ ಇದೆ ಎಂದರ್ಥ. ಇದೇ ದಾರಿಯಲ್ಲಿ ಬಂದ ಗೂಗಲ್‌ನ ‘ಔಲ್-ವಿಟ್’ (2022), ಆಮೇಲಿನ ‘ಗ್ರೌಂಡಿಂಗ್ ಡೈನೋ’ (2023) ಮಾದರಿಗಳು ನೀವು ಕೊಟ್ಟ ಹೆಸರಿನ ವಸ್ತುವಿನ ಸುತ್ತ ಚೌಕ ಎಳೆದುಕೊಡುತ್ತವೆ.

ಚೌಕ ಸಾಲದು, ಅದರೊಳಗೆ ಲೋಟದ ಜೊತೆ ಮೇಜೂ ಗೋಡೆಯೂ ಇರುತ್ತವೆ. ಆ ಚೌಕವನ್ನು ಮೆಟಾ ಕಂಪನಿಯ ‘ಸ್ಯಾಮ್’ ಮಾದರಿಗೆ ಕೊಡಿ. 2023ರಲ್ಲಿ ಬಂದ ಇದು 1.1 ಕೋಟಿ ಚಿತ್ರಗಳ ಮೇಲಿನ 110 ಕೋಟಿ ಮಾಸ್ಕ್‌ಗಳಿಂದ ಕಲಿತದ್ದು. ವಸ್ತುವಿನ ಅಂಚಿಗೆ ಸರಿಯಾಗಿ ಕತ್ತರಿಸಿದ ಮಾಸ್ಕ್ ಕೊಡುತ್ತದೆ, ಅಂದರೆ ಯಾವ ಪಿಕ್ಸೆಲ್ ಲೋಟದ್ದು, ಯಾವುದು ಅಲ್ಲ ಎಂಬ ಪಟ್ಟಿ.

ಕೆಲಸ ಮಾಡುವಾಗ ಉಪಯೋಗಕ್ಕೆ ಬರುವ ಸೂಚನೆಗಳು:

- ಗ್ರೌಂಡಿಂಗ್ ಡೈನೋಗೆ ಹೆಸರುಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಕೊಟ್ಟು, ಒಂದೊಂದರ ಕೊನೆಗೂ ಚುಕ್ಕಿ ಇಡಿ.
- ಚೌಕದ ಅಂಕದ ಮಿತಿಯನ್ನು 0.35ರಿಂದ ಶುರುಮಾಡಿ, ನಿಮ್ಮ ದೃಶ್ಯಕ್ಕೆ ತಕ್ಕಂತೆ ಏರಿಳಿಸಿ.
- ನಮ್ಮ ಮನೆಯ ಸ್ಟೀಲ್ ಲೋಟವನ್ನು ಒಂದೇ ಹೆಸರಿನಿಂದ ಹುಡುಕಬೇಡಿ. ಲೋಹದ ಕಪ್, ಸ್ಟೀಲ್ ಟಂಬ್ಲರ್ ಎಂಬಂತೆ ಎರಡು ಮೂರು ಹೆಸರು ಕೊಟ್ಟು, ಒಂದರ ಮೇಲೊಂದು ಬೀಳುವ ಚೌಕಗಳನ್ನು ಒಂದಾಗಿಸಿ.
- ‘ಲೋಟದ ಎಡಗಡೆಯ ಹಳದಿ ಡಬ್ಬ’ ಎಂಬ ಪೂರ್ತಿ ಮಾತನ್ನು ಡಿಟೆಕ್ಟರ್‌ಗೆ ಕೊಡಬೇಡಿ. ಕ್ಲಿಪ್ ಜಾತಿಯ ಮಾದರಿಗಳು ಪದಗಳನ್ನು ಗುರುತಿಸುವಷ್ಟು ಚೆನ್ನಾಗಿ ಪದಗಳ ನಡುವಿನ ಸಂಬಂಧವನ್ನು ಗುರುತಿಸುವುದಿಲ್ಲ. ‘ಡಬ್ಬದ ಮೇಲಿನ ಚೆಂಡು’, ‘ಚೆಂಡಿನ ಮೇಲಿನ ಡಬ್ಬ’ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬರುವುದುಂಟು. ‘ಹಳದಿ ಡಬ್ಬ’ ಎಂದಷ್ಟೇ ಕೇಳಿ; ಎಡ ಬಲವನ್ನು ನಾವೇ ಲೆಕ್ಕ ಮಾಡೋಣ.

## ಹಂತ 5: ಮಾಸ್ಕನ್ನು ಮೂರು ಆಯಾಮಕ್ಕೆ ತನ್ನಿ

ಮಾಸ್ಕ್‌ನಲ್ಲಿರುವ ಪಿಕ್ಸೆಲ್‌ಗಳ ಬಿಂದುಗಳನ್ನಷ್ಟೇ ಪಾಯಿಂಟ್ ಕ್ಲೌಡ್‌ನಿಂದ ಎತ್ತಿಕೊಂಡರೆ ಲೋಟದ ಮೂರು ಆಯಾಮದ ರೂಪ ಸಿಗಬೇಕು. ಮೊದಲ ಸಲ ಪರದೆಯ ಮೇಲೆ ಕಾಣುವುದು ಅಷ್ಟು ಚೆಂದವಿರುವುದಿಲ್ಲ. ಲೋಟದ ಬಿಂದುಗಳ ಹಿಂದೆ ಬಾಲದಂತೆ ಒಂದಷ್ಟು ಬಿಂದುಗಳು ಗೋಡೆಯವರೆಗೂ ಚಾಚಿರುತ್ತವೆ. ಅಂಚಿನ ಪಿಕ್ಸೆಲ್‌ನಲ್ಲಿ ಲೋಟದ ಆಳವೂ ಗೋಡೆಯ ಆಳವೂ ಬೆರೆತು ನಡುವಿನ ಯಾವುದೋ ಸಂಖ್ಯೆ ಬಂದಿರುತ್ತದೆ. ಇವನ್ನೂ ಸೇರಿಸಿ ಸರಾಸರಿ ತೆಗೆದರೆ ಲೋಟ ಇರುವ ಜಾಗಕ್ಕಿಂತ ಹಿಂದಕ್ಕೆ ಹೋಗುತ್ತದೆ, ತೋಳು ಲೋಟಕ್ಕೆ ಡಿಕ್ಕಿ ಹೊಡೆಯುತ್ತದೆ.

ಸರಿಪಡಿಸುವ ಕ್ರಮ ಹೀಗೆ:

1. ಮಾಸ್ಕ್‌ನ ಅಂಚನ್ನು ಎರಡು ಮೂರು ಪಿಕ್ಸೆಲ್ ಒಳಕ್ಕೆ ಸವೆಸಿ. ಓಪನ್‌ಸಿವಿಯಲ್ಲಿ ಇದಕ್ಕೆ ‘ಇರೋಡ್’ ಎಂಬ ಸೌಲಭ್ಯವಿದೆ. ಚಮಚದಂಥ ಸಪೂರ ವಸ್ತುವಿಗೆ ಇದನ್ನು ಒಂದೇ ಪಿಕ್ಸೆಲ್‌ಗೆ ಇಳಿಸಿ, ಇಲ್ಲವಾದರೆ ವಸ್ತುವೇ ಸವೆದುಹೋಗುತ್ತದೆ.
2. ಸೊನ್ನೆ ಆಳದ ಪಿಕ್ಸೆಲ್‌ಗಳನ್ನು ಬಿಡಿ.
3. ‘ಡಿಬಿಸ್ಕ್ಯಾನ್’ ವಿಧಾನದಿಂದ ಬಿಂದುಗಳನ್ನು ಗುಂಪು ಮಾಡಿ, ಅತಿ ದೊಡ್ಡ ಗುಂಪನ್ನು ಉಳಿಸಿಕೊಳ್ಳಿ.
4. ಕೇಂದ್ರಕ್ಕೆ ಸರಾಸರಿಯ ಬದಲು ಮಧ್ಯಾಂಕ ಬಳಸಿ. ದಾರಿ ತಪ್ಪಿದ ನಾಲ್ಕಾರು ಬಿಂದುಗಳು ಅದನ್ನು ಅಲುಗಿಸಲಾರವು.
5. ಉದ್ದ, ಅಗಲ, ಎತ್ತರಗಳನ್ನು ಒಂದು ಪೆಟ್ಟಿಗೆಯಾಗಿ ಬರೆದಿಡಿ.

ಸ್ಟೀಲ್ ಲೋಟದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ನಮ್ಮ ಅಡುಗೆಮನೆಯಲ್ಲಿ ಅದಿಲ್ಲದ ಮೇಜಿಲ್ಲ. ಹೊಳೆಯುವ ಮೈಯಲ್ಲಿ ಎಡಗಣ್ಣಿಗೆ ಕಾಣುವ ಪ್ರತಿಬಿಂಬ ಬೇರೆ, ಬಲಗಣ್ಣಿಗೆ ಕಾಣುವುದು ಬೇರೆ. ಎರಡು ಚಿತ್ರಗಳ ನಡುವೆ ಬಿಂದುಗಳನ್ನು ಹೊಂದಿಸಿ ದೂರ ಅಳೆಯುವ ಕ್ಯಾಮೆರಾ ಇಲ್ಲಿ ಸೋಲುತ್ತದೆ. ಆಳದ ಚಿತ್ರದಲ್ಲಿ ಲೋಟದ ಜಾಗದಲ್ಲಿ ತೂತುಗಳು ಬೀಳುತ್ತವೆ, ಕೆಲವೆಡೆ ಪೂರಾ ತಪ್ಪು ದೂರ ಬರುತ್ತದೆ. ಗಾಜಿನ ಲೋಟದಲ್ಲಿ ಬೆಳಕು ಹಾದುಹೋಗಿ ಹಿಂದಿನ ವಸ್ತುವಿನ ಆಳ ಸಿಗುತ್ತದೆ. ಇದಕ್ಕೊಂದು ನಂಬಬಹುದಾದ ಉಪಾಯವಿದೆ. ಬಣ್ಣದ ಚಿತ್ರದಲ್ಲಿ ಮಾಸ್ಕ್ ಸರಿಯಾಗಿಯೇ ಸಿಗುತ್ತದಷ್ಟೆ. ಆ ಮಾಸ್ಕ್‌ನ ಬುಡದ ಅಂಚು ಮೇಜನ್ನು ಮುಟ್ಟುತ್ತದೆ. ಮೇಜಿನ ಸಮತಲ ಮೂರನೇ ಹಂತದಲ್ಲೇ ಗೊತ್ತಾಗಿದೆ. ಕ್ಯಾಮೆರಾದಿಂದ ಬುಡದ ಪಿಕ್ಸೆಲ್‌ನ ದಿಕ್ಕಿನಲ್ಲಿ ಗೆರೆ ಎಳೆದು ಅದು ಸಮತಲವನ್ನು ಎಲ್ಲಿ ಸೇರುತ್ತದೆ ಎಂದು ಲೆಕ್ಕ ಮಾಡಿದರೆ ಲೋಟ ನಿಂತಿರುವ ಜಾಗ ಸಿಕ್ಕಿತು.

ಅಳತೆಯ ಬಿಂದುಗಳು ತೀರಾ ಕಡಿಮೆ ಇದ್ದರೆ ಅದನ್ನೂ ಬರೆದಿಡಿ. ಒಂಬತ್ತನೇ ಹಂತದ ಪರೀಕ್ಷೆಯಲ್ಲಿ ಅದು ನೆರವಿಗೆ ಬರುತ್ತದೆ.

## ಹಂತ 6: ದೃಶ್ಯವನ್ನು ಪಟ್ಟಿಯಾಗಿ ಬರೆಯಿರಿ

ಭಾಷಾ ಮಾದರಿಗೆ ಲಕ್ಷಗಟ್ಟಲೆ ಬಿಂದುಗಳನ್ನು ಕೊಟ್ಟು ಪ್ರಯೋಜನವಿಲ್ಲ. ಅದು ಓದಬಲ್ಲದ್ದು ಬರಹವನ್ನು. ಆದ್ದರಿಂದ ದೃಶ್ಯವನ್ನು ಒಂದು ಸಣ್ಣ ಪಟ್ಟಿಯಾಗಿಸಿ. ಮೇಜಿನ ಅಕ್ಷಗಳಲ್ಲಿ, ಸೆಂಟಿಮೀಟರ್ ಲೆಕ್ಕದಲ್ಲಿ ಅದು ಹೀಗಿರಬಹುದು:

| ಸಂಖ್ಯೆ | ಹೆಸರು | ಬಲಕ್ಕೆ | ಆಚೆಗೆ | ಎತ್ತರ |
|---|---|---|---|---|
| 1 | ಸ್ಟೀಲ್ ಲೋಟ | 12 | 40 | 9 |
| 2 | ಹಳದಿ ಡಬ್ಬ | −5 | 42 | 14 |
| 3 | ಹಳದಿ ಡಬ್ಬ | 27 | 38 | 14 |
| 4 | ಕತ್ತರಿ | 3 | 30 | 1 |

ಒಂದೊಂದು ವಸ್ತುವಿಗೂ ಒಂದು ಸಂಖ್ಯೆ ಇರಲೇಬೇಕು. ಮುಂದೆ ಭಾಷಾ ಮಾದರಿ ಏನು ಹೇಳಿದರೂ ಈ ಸಂಖ್ಯೆಯ ಮೂಲಕವೇ ಹೇಳಬೇಕು, ಆಗ ಪಟ್ಟಿಯಲ್ಲಿಲ್ಲದ ವಸ್ತುವನ್ನು ಅದು ಕಲ್ಪಿಸಿಕೊಂಡರೆ ನಮಗೆ ತಕ್ಷಣ ಗೊತ್ತಾಗುತ್ತದೆ. 2023ರಲ್ಲಿ ಬಂದ ‘ಕಾನ್ಸೆಪ್ಟ್‌ಗ್ರಾಫ್ಸ್’ ಎಂಬ ಸಂಶೋಧನೆ ಇದೇ ಉಪಾಯವನ್ನು ಇಡೀ ಕೋಣೆಗೆ ಹಿಗ್ಗಿಸುತ್ತದೆ: ಹಲವು ದಿಕ್ಕಿನಿಂದ ನೋಡಿದ ಮಾಸ್ಕ್‌ಗಳನ್ನು ಮೂರು ಆಯಾಮದಲ್ಲಿ ಒಂದುಗೂಡಿಸಿ, ವಸ್ತುಗಳು ಮತ್ತು ಅವುಗಳ ಸಂಬಂಧಗಳ ಜಾಲ ಕಟ್ಟಿ, ಅದನ್ನು ಭಾಷಾ ಮಾದರಿಯ ಮುಂದಿಡುತ್ತದೆ.

## ಹಂತ 7: ಮಾತನ್ನು ಬಿಡಿಸಲು ಭಾಷಾ ಮಾದರಿ, ಲೆಕ್ಕಕ್ಕೆ ನಿಮ್ಮ ಪ್ರೋಗ್ರಾಂ

ಈಗ ಭಾಷಾ ಮಾದರಿಯ ಸರದಿ. ಅದಕ್ಕೆ ಎರಡು ಕೆಲಸ ಕೊಡಿ.

ಮೊದಲನೆಯದು, ಮಾತನ್ನು ಬಿಡಿಭಾಗಗಳಾಗಿ ಒಡೆಯುವುದು. “ಲೋಟದ ಎಡಗಡೆ ಇರೋ ಹಳದಿ ಡಬ್ಬ ಕೊಡು” ಎಂಬ ಮಾತಿನಿಂದ ಅದು ಮೂರನ್ನು ತೆಗೆದುಕೊಡಬೇಕು: ಬೇಕಾದದ್ದು ಹಳದಿ ಡಬ್ಬ, ಆಧಾರ ಲೋಟ, ಸಂಬಂಧ ಎಡ. ಸಂಬಂಧಗಳ ಪಟ್ಟಿಯನ್ನು ನೀವೇ ಮೊದಲೇ ಕಟ್ಟಿ ಕೊಡಿ: ಎಡ, ಬಲ, ಮುಂದೆ, ಹಿಂದೆ, ಮೇಲೆ, ಒಳಗೆ, ಹತ್ತಿರ, ಅತಿ ದೊಡ್ಡ, ಅತಿ ಚಿಕ್ಕ. ಜೊತೆಗೆ ‘ಅರ್ಥವಾಗಲಿಲ್ಲ’ ಎನ್ನುವ ಆಯ್ಕೆಯೂ ಇರಲಿ. ಅದಿಲ್ಲದಿದ್ದರೆ ಮಾದರಿ ಏನಾದರೊಂದು ಹೇಳಿಯೇ ತೀರುತ್ತದೆ.

ಕನ್ನಡದಲ್ಲಿ ಆಜ್ಞೆ ಕೊಡಬೇಕೆಂದಿರುವವರಿಗೆ ಈ ಹಂತವೇ ಬಾಗಿಲು. ಕ್ಲಿಪ್ ಮಾದರಿಯನ್ನು ಇಂಗ್ಲಿಷಿಗೆ ಮಾತ್ರ ಬಳಸಿ ಎಂದು ಅದರ ತಯಾರಕರೇ ಹೇಳಿದ್ದಾರೆ. ಅದು ಒಂದು ಸಲಕ್ಕೆ ಓದುವುದು 77 ಟೋಕನ್‌ಗಳನ್ನು, ಅಂದರೆ ಬರಹದ ತುಣುಕುಗಳನ್ನಷ್ಟೇ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದು ಅಕ್ಷರಕ್ಕೆ, ಒಂದು ಗುಣಿತ ಚಿಹ್ನೆಗೆ, ಮೂರು ಮೂರು ಬೈಟ್ ಬೇಕು. ನಮ್ಮ ಮಾತು ಅದರೊಳಗೆ ಚೂರುಚೂರಾಗುತ್ತದೆ. ಹಾಗಾಗಿ ಕನ್ನಡದ ಮಾತನ್ನು ನೇರವಾಗಿ ಡಿಟೆಕ್ಟರ್‌ಗೆ ಕೊಡದೆ, ಕನ್ನಡ ಬಲ್ಲ ಭಾಷಾ ಮಾದರಿಗೆ ಕೊಟ್ಟು, ವಸ್ತುಗಳ ಹೆಸರನ್ನು ಇಂಗ್ಲಿಷಿನಲ್ಲಿ ತೆಗೆದುಕೊಂಡು, ಅದನ್ನೇ ನಾಲ್ಕನೇ ಹಂತದ ಡಿಟೆಕ್ಟರ್‌ಗೆ ಕೊಡಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಬಿಡುಗಡೆ ಮಾಡಿದ ‘ಇಂಡಿಕ್‌ಟ್ರಾನ್ಸ್2’ ಅನುವಾದ ಮಾದರಿಯೂ ಇದಕ್ಕೆ ನೆರವಾಗುತ್ತದೆ. ಒಟ್ಟಿನಲ್ಲಿ ರೋಬೋಟ್ ಜೊತೆ ಮಾತಾಡಲು ಮನೆಯ ಅಜ್ಜಿ ಇಂಗ್ಲಿಷ್ ಕಲಿಯಬೇಕಾದ ಅಗತ್ಯ ಇಲ್ಲ. ಕಟ್ಟುವವರು ಈ ಒಂದು ಹಂತವನ್ನು ಮನಸ್ಸಿಟ್ಟು ಮಾಡಬೇಕು.

ಇನ್ನು ಲೆಕ್ಕ. ಲೋಟ ಬಲಕ್ಕೆ 12ರಲ್ಲಿದೆ. ಎಡ ಎಂದರೆ 12ಕ್ಕಿಂತ ಕಡಿಮೆ. ಎರಡು ಹಳದಿ ಡಬ್ಬಗಳಲ್ಲಿ ಒಂದು −5ರಲ್ಲಿ, ಇನ್ನೊಂದು 27ರಲ್ಲಿ. ಉತ್ತರ 2ನೇ ವಸ್ತು. ಈ ಹೋಲಿಕೆಯನ್ನು ನಿಮ್ಮ ಪ್ರೋಗ್ರಾಂ ಮಾಡಬೇಕು, ಭಾಷಾ ಮಾದರಿಯಲ್ಲ. ಮಾದರಿಯೂ ಹಲವು ಸಲ ಸರಿಯಾಗಿಯೇ ಹೇಳಬಹುದು. ತಪ್ಪಿದಾಗ ಮಾತ್ರ ಅದೇ ಆತ್ಮವಿಶ್ವಾಸದಿಂದ ತಪ್ಪು ಹೇಳುತ್ತದೆ. ಕಡಿಮೆ-ಹೆಚ್ಚು ನೋಡುವ ಒಂದು ಸಾಲಿನ ಪ್ರೋಗ್ರಾಂ ಎಂದೂ ಹಾಗೆ ಮಾಡುವುದಿಲ್ಲ.

ಎಡ ಎಂದರೆ ಯಾರ ಎಡ? ಹೇಳುವವರು ಮೇಜಿನ ಈ ಕಡೆ, ಕ್ಯಾಮೆರಾ ಆ ಕಡೆ ಇದ್ದರೆ ಎಡ ಬಲ ಅದಲುಬದಲಾಗುತ್ತವೆ. ಹೇಳುವವರು ಎಲ್ಲಿ ಕೂರುತ್ತಾರೆ ಎಂದು ಮೊದಲೇ ಗೊತ್ತುಮಾಡಿ, ಅವರ ಕಡೆಯಿಂದ ಅಕ್ಷಗಳನ್ನು ತಿರುಗಿಸಿಟ್ಟುಕೊಳ್ಳಿ. ಎರಡು ವಸ್ತುಗಳೂ ನಿಯಮಕ್ಕೆ ಹೊಂದಿದರೆ ರೋಬೋಟ್ ಊಹಿಸಬಾರದು. “ಎರಡು ಹಳದಿ ಡಬ್ಬ ಇವೆ, ಕತ್ತರಿ ಹತ್ತಿರದ್ದಾ, ದೂರದ್ದಾ?” ಎಂದು ಕೇಳಬೇಕು.

ಭಾಷಾ ಮಾದರಿಯ ಎರಡನೇ ಕೆಲಸ, ಹೆಸರಿಲ್ಲದ ಬೇಡಿಕೆಯನ್ನು ಅರ್ಥ ಮಾಡಿಕೊಳ್ಳುವುದು. “ಕಾಫಿ ಚೆಲ್ಲಿತು, ಒರೆಸೋಕೆ ಏನಾದರೂ ಕೊಡು” ಎಂದಾಗ ಯಾವ ಡಿಟೆಕ್ಟರೂ ನೆರವಾಗದು. ಪಟ್ಟಿಯಲ್ಲಿ ಬಟ್ಟೆ ಇದ್ದರೆ ಒರೆಸಲು ಅದು ಆಗುತ್ತದೆ ಎಂಬ ಲೋಕಜ್ಞಾನ ಭಾಷಾ ಮಾದರಿಯ ನಿಜವಾದ ಶಕ್ತಿ. ಗೂಗಲ್‌ನ 2022ರ ‘ಸೇಕ್ಯಾನ್’ ಸಂಶೋಧನೆ ಹಿಡಿದದ್ದು ಇದೇ ದಾರಿ: ಏನು ಮಾಡಿದರೆ ಉಪಯೋಗ ಎಂದು ಭಾಷಾ ಮಾದರಿ ಅಂಕ ಕೊಡುತ್ತದೆ, ಈ ಜಾಗದಲ್ಲಿ ಈ ರೋಬೋಟ್‌ಗೆ ಅದು ಸಾಧ್ಯವೇ ಎಂದು ಇನ್ನೊಂದು ಮಾದರಿ ಅಂಕ ಕೊಡುತ್ತದೆ. ಎರಡೂ ಒಪ್ಪಿದ ಕೆಲಸವಷ್ಟೇ ಮುಂದೆ ಹೋಗುತ್ತದೆ. ನೀವೂ ಮಾದರಿ ಕೊಟ್ಟ ಸಂಖ್ಯೆ ಪಟ್ಟಿಯಲ್ಲಿದೆಯೇ, ಆ ವಸ್ತು ತೋಳಿಗೆ ಎಟುಕುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಒಪ್ಪಿಕೊಳ್ಳಿ.

## ಹಂತ 8: ಕ್ಯಾಮೆರಾದ ಜಾಗದಿಂದ ರೋಬೋಟ್‌ನ ಜಾಗಕ್ಕೆ

ಇಲ್ಲಿಯವರೆಗಿನ ಸಂಖ್ಯೆಗಳು ಕ್ಯಾಮೆರಾ ಮತ್ತು ಮೇಜಿನ ಲೆಕ್ಕದವು. ತೋಳು ತನ್ನ ಬುಡದಿಂದ ಅಳೆಯುತ್ತದೆ. ಎರಡರ ನಡುವಿನ ತಿರುವು ಮತ್ತು ದೂರವನ್ನು ಕಂಡುಹಿಡಿಯುವ ಕೆಲಸಕ್ಕೆ ಹ್ಯಾಂಡ್-ಐ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದ್ದರೆ ತೋಳಿನ ತುದಿಗೆ ‘ಅರುಕೋ’ ಎಂಬ ಕಪ್ಪುಬಿಳುಪು ಚೌಕದ ಗುರುತನ್ನು ಅಂಟಿಸಿ, ತೋಳನ್ನು ಬೇರೆ ಬೇರೆ ಭಂಗಿಯಲ್ಲಿ ನಿಲ್ಲಿಸಿ ಚಿತ್ರ ತೆಗೆಯಿರಿ. ಪ್ರತಿ ಸಲವೂ ತೋಳು ತನ್ನ ಸ್ಥಾನ ಹೇಳುತ್ತದೆ, ಕ್ಯಾಮೆರಾ ಗುರುತಿನ ಸ್ಥಾನ ಹೇಳುತ್ತದೆ. ಇವೆರಡನ್ನೂ ಕೊಟ್ಟರೆ ಓಪನ್‌ಸಿವಿ ಆ ತಿರುವು ಮತ್ತು ದೂರವನ್ನು ಲೆಕ್ಕ ಹಾಕಿಕೊಡುತ್ತದೆ; ಅವನ್ನು ನಾಲ್ಕು ಸಾಲು ನಾಲ್ಕು ಕಂಬದ ಒಂದು ಮ್ಯಾಟ್ರಿಕ್ಸ್ ಆಗಿ ಜೋಡಿಸಿ. ಕ್ಯಾಮೆರಾ ಲೆಕ್ಕದ ಬಿಂದುವನ್ನು ಅದರಿಂದ ಗುಣಿಸಿದರೆ ರೋಬೋಟ್‌ನ ಲೆಕ್ಕಕ್ಕೆ ಬರುತ್ತದೆ.

ಭಂಗಿಗಳಲ್ಲಿ ಬರೀ ಜಾಗ ಬದಲಾದರೆ ಸಾಲದು, ಮಣಿಕಟ್ಟನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಲೇಬೇಕು. ತಿರುವಿನ ಲೆಕ್ಕದಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ 80 ಸೆಂಟಿಮೀಟರ್ ದೂರದಲ್ಲಿ ಅದು 1.4 ಸೆಂಟಿಮೀಟರ್ ತಪ್ಪಾಗುತ್ತದೆ. ಸಪೂರ ವಸ್ತುವನ್ನು ಹಿಡಿಯುವಾಗ ಅಷ್ಟೇ ಸಾಕು, ಬೆರಳು ಪಕ್ಕಕ್ಕೆ ಹೋಗಲು.

ಸುರಕ್ಷತೆಯ ಮಾತು: ಮೊದಲ ದಿನಗಳಲ್ಲಿ ತೋಳಿನ ವೇಗವನ್ನು ಅತಿ ಕಡಿಮೆಗೆ ಇಳಿಸಿ, ಎಮರ್ಜೆನ್ಸಿ ಬಟನ್ ಕೈಗೆ ಸಿಗುವಂತಿರಲಿ. ವಸ್ತುವಿಗೆ ಹತ್ತು ಸೆಂಟಿಮೀಟರ್ ಮೇಲೆ ತೋಳು ನಿಂತುಬಿಡುವಂತೆ ಮಾಡಿ, ನಿಂತ ಜಾಗ ಸರಿ ಇದೆಯೇ ಎಂದು ಕಣ್ಣಾರೆ ನೋಡಿ. ಸರಿ ಎನಿಸಿದ ಮೇಲೆ ಕೆಳಕ್ಕಿಳಿಸಿ.

## ಹಂತ 9: ಪ್ರಾಮಾಣಿಕವಾಗಿ ಪರೀಕ್ಷಿಸಿ

ಚೆನ್ನಾಗಿ ನಡೆದ ಒಂದು ಪ್ರಯೋಗದ ವಿಡಿಯೋ ಪರೀಕ್ಷೆಯಲ್ಲ. ಆಜ್ಞೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಈ ಐದೂ ಬಗೆ ಇರಲಿ:

- ಹೆಸರಷ್ಟೇ ಹೇಳುವ ಸುಲಭದ ಆಜ್ಞೆ.
- ಸಂಬಂಧ ಹೇಳುವ ಆಜ್ಞೆ: ಎಡ, ಹಿಂದೆ, ಮೇಲೆ.
- ಒಂದೇ ಥರದ ಎರಡು ವಸ್ತುಗಳಿರುವಾಗಿನ ಆಜ್ಞೆ.
- ಉದ್ದೇಶವನ್ನಷ್ಟೇ ಹೇಳುವ ಆಜ್ಞೆ.
- ಮೇಜಿನ ಮೇಲೆ ಇಲ್ಲವೇ ಇಲ್ಲದ ವಸ್ತುವನ್ನು ಕೇಳುವ ಆಜ್ಞೆ.

ಕೊನೆಯದು ಬಹಳ ಮುಖ್ಯ. ಡಿಟೆಕ್ಟರ್‌ಗೆ ಇಲ್ಲದ ವಸ್ತುವಿನ ಹೆಸರು ಕೊಟ್ಟರೂ ಅದು ಹೋಲುವ ಯಾವುದಕ್ಕೋ ಚೌಕ ಎಳೆಯಬಹುದು. ‘ಇಲ್ಲ’ ಎಂದು ಹೇಳಬಲ್ಲ ರೋಬೋಟ್ ಅರ್ಧ ಗೆದ್ದಂತೆ.

ಸೋತ ಪ್ರತಿ ಆಜ್ಞೆಗೂ ಯಾವ ಹಂತದಲ್ಲಿ ಸೋತಿತು ಎಂದು ಬರೆಯಿರಿ: ಮಾತು ತಪ್ಪಾಗಿ ಒಡೆಯಿತೇ, ಚೌಕ ತಪ್ಪಿತೇ, ಮಾಸ್ಕ್ ಹರಿಯಿತೇ, ಆಳ ಸಿಗಲಿಲ್ಲವೇ, ಎಡ ಬಲ ತಿರುಗಿತೇ, ಕ್ಯಾಲಿಬ್ರೇಶನ್ ಜಾರಿತೇ? ಹಂತಗಳನ್ನು ಬಿಡಿಬಿಡಿಯಾಗಿ ಕಟ್ಟಿದ್ದರ ಲಾಭ ಇಲ್ಲಿ ಕಾಣುತ್ತದೆ. ಎಲ್ಲವನ್ನೂ ಒಂದೇ ಮಾದರಿಗೆ ಒಪ್ಪಿಸಿದ್ದರೆ ಸೋಲು ಕಾಣುತ್ತಿತ್ತು, ಕಾರಣ ಕಾಣುತ್ತಿರಲಿಲ್ಲ.

## ಹಂತ 10: ಇಲ್ಲಿಂದ ಮುಂದಕ್ಕೆ

ಮೇಜು ಕೈಗೆ ಹತ್ತಿದ ಮೇಲೆ ಕೋಣೆಗೆ ಹೋಗಬಹುದು. ಕ್ಯಾಮೆರಾ ಚಲಿಸುತ್ತಾ ಹಲವು ದಿಕ್ಕಿನಿಂದ ನೋಡಿದ್ದನ್ನು ಒಂದೇ ನಕ್ಷೆಯಾಗಿಸುವುದು ಮೊದಲ ಪಾಠ. ಆಮೇಲೆ 2023ರ ‘ಓಪನ್‌ಸೀನ್’ ಮತ್ತು ‘ಲೆರ್ಫ್’ ಸಂಶೋಧನೆಗಳನ್ನು ಓದಿ. ಅಲ್ಲಿ ವಸ್ತುಗಳ ಪಟ್ಟಿಯ ಬದಲು ಮೂರು ಆಯಾಮದ ಪ್ರತಿ ಬಿಂದುವಿಗೂ ಪದದೊಡನೆ ಹೋಲಿಸಬಲ್ಲ ಗುಣವನ್ನು ಅಂಟಿಸುತ್ತಾರೆ. ನಿಮ್ಮ ವ್ಯವಸ್ಥೆಯನ್ನು ಬೇರೆಯವರದರ ಜೊತೆ ಹೋಲಿಸಬೇಕೆಂದರೆ ‘ಸ್ಕ್ಯಾನ್‌ರೆಫರ್’ ಇದೆ. ‘ಸ್ಕ್ಯಾನ್‌ನೆಟ್’ ಸಂಗ್ರಹದ 800 ಒಳಾಂಗಣ ದೃಶ್ಯಗಳಲ್ಲಿನ 11,046 ವಸ್ತುಗಳಿಗೆ 51,583 ವಿವರಣೆಗಳು ಅದರಲ್ಲಿವೆ. ಅವೆಲ್ಲವೂ ಇಂಗ್ಲಿಷಿನವು.

ಚಿತ್ರ, ಮಾತು, ತೋಳಿನ ಚಲನೆ ಮೂರನ್ನೂ ಒಂದೇ ಮಾದರಿಯಲ್ಲಿ ಕಲಿಸುವ ಪ್ರಯತ್ನಗಳೂ ವೇಗವಾಗಿ ಬೆಳೆಯುತ್ತಿವೆ. 2023ರ ಮಾರ್ಚ್‌ನಲ್ಲಿ ಬಂದ ಗೂಗಲ್‌ನ ‘ಪಾಮ್-ಇ’, ಅದೇ ವರ್ಷದ ಜುಲೈನ ‘ಆರ್‌ಟಿ-2’ ಆ ಸಾಲಿನವು. ಅವುಗಳನ್ನು ಕಲಿಯಿರಿ, ಆದರೆ ಬಿಡಿ ಹಂತಗಳನ್ನು ಕೈಯಾರೆ ಕಟ್ಟಿದ ಮೇಲೆ. ಎಲ್ಲಿ ಹೆಸರು ಮುಗಿದು ಅಳತೆ ಶುರುವಾಗುತ್ತದೆ ಎಂದು ಗೊತ್ತಿದ್ದವರಿಗೆ ದೊಡ್ಡ ಮಾದರಿಯ ತಪ್ಪೂ ಬೇಗ ಕಾಣುತ್ತದೆ.

ಕನ್ನಡಿಗರಿಗೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ. ನಮ್ಮ ಅಡುಗೆಮನೆ, ಕಿರಾಣಿ ಅಂಗಡಿ, ವರ್ಕ್‌ಶಾಪುಗಳ ವಸ್ತುಗಳನ್ನು ಬಣ್ಣ ಮತ್ತು ಆಳದ ಚಿತ್ರಗಳಲ್ಲಿ ಹಿಡಿದು, ಜನ ನಿಜವಾಗಿ ಆಡುವ ಮಾತಿನಲ್ಲಿ ಅವುಗಳನ್ನು ವಿವರಿಸಿದ ಒಂದು ಸಂಗ್ರಹ ಕಾಲೇಜು ಪ್ರಾಜೆಕ್ಟಿನ ಅಳತೆಯದೇ ಕೆಲಸ. ಒಂದು ಕ್ಯಾಮೆರಾ, ನಾಲ್ವರು ಗೆಳೆಯರು, ಬೇರೆ ಬೇರೆ ಜಿಲ್ಲೆಯ ಮಾತು ಆಡುವ ಹತ್ತಾರು ಮಂದಿ ಇದ್ದರೆ ಶುರು ಮಾಡಬಹುದು. ಮೊದಲ ದೃಶ್ಯಕ್ಕೆ ಸ್ಟೀಲ್ ಲೋಟವನ್ನೇ ಇಡಿ: ಅದರ ಆಳವನ್ನು ಸರಿಯಾಗಿ ಪಡೆದ ವ್ಯವಸ್ಥೆಗೆ ಉಳಿದ ಮೇಜು ಸುಲಭ.